ಮಣ್ಣಿಗೆ ಹೋಗುವ ಮುನ್ನ

ಕೊಪ್ಪಳ ಬಳಿಯ ಗಿಣಿಗೇರಾದಂಥ ಊರಲ್ಲಿ ಒಂದು ಸಾವಾದರೆ ಆ ಮನೆಯವರಿಗೆ ಒಲೆ ಹಚ್ಚುವ ಚಿಂತೆ ಇರುವುದಿಲ್ಲ. ಓಣಿಯವರು, ಬೀಗರು ರೊಟ್ಟಿ ಪಲ್ಯ, ಅನ್ನ ಸಾರು ಕಟ್ಟಿಕೊಂಡು ಬರುತ್ತಾರೆ. ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದವರು ನಿದ್ದೆಗೆಟ್ಟ ಕಣ್ಣಲ್ಲೇ ಮಣ್ಣಿಗೆ ಹೋಗುತ್ತಾರೆ. ಭಜನೆ ಮೇಳ ಬೆಳತನಕ ಕೂಡುತ್ತದೆ. ಹೆಂಗಸರು ಸತ್ತವರ ಗುಣ ಎತ್ತಿ ಎತ್ತಿ ಹಾಡಿಕೊಂಡು ಅಳುತ್ತಾರೆ. ಆ ದಿನ ಬರಲಾಗದವರು ಆಮೇಲೆ ಮಾತಾಡಿಸಲು ಬರುತ್ತಾರೆ, ಬಾರದಿದ್ದರೆ ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.

ಆದರೆ ಅದೇ ಮನುಷ್ಯ ಸಾಯುವ ಮುಂಚೆ ನಾಲ್ಕಾರು ತಿಂಗಳು ಹಾಸಿಗೆ ಹಿಡಿದಿದ್ದನಲ್ಲ, ಆಗ ಯಾರಿದ್ದರು? ಬಾಯಿ ಕ್ಯಾನ್ಸರಿಗೆ ಹುಬ್ಬಳ್ಳಿ ನವನಗರದ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಓಡಾಡಿ, ಹೊಲದ ಮೇಲೆ ಸಾಲ ಮಾಡಿ, ಕೊನೆಗೆ ‘ಇನ್ನ ಮನೀಗೆ ಕರ್ಕೊಂಡು ಹೋಗ್ರಿ’ ಎನ್ನಿಸಿಕೊಂಡು ಬಂದ ಮೇಲಿನ ದಿನಗಳವು. ನೋವಿಗೆ ಮದ್ದಿಲ್ಲ, ಹುಣ್ಣಿನ ವಾಸನೆಗೆ ಯಾರೂ ಹತ್ತಿರ ಬರುವುದಿಲ್ಲ. ಮಗಳೋ ಸೊಸೆಯೋ ಒಬ್ಬಳೇ ಎಲ್ಲ ಮಾಡಬೇಕು. ಸತ್ತ ಮೇಲಿನ ಮೂರು ದಿನಕ್ಕೆ ನೆರೆಯುವ ಊರು ಸಾಯುವವರ ಮೂರು ತಿಂಗಳಿಗೆ ನೆರೆಯುವುದಿಲ್ಲ. ಈ ಕೊರತೆ ನಮ್ಮೊಬ್ಬರದೇ ಅಲ್ಲ. ಜಗತ್ತು ಇದನ್ನು ತುಂಬಿಕೊಳ್ಳಲು ಹೊರಟು ಅರವತ್ತು ವರ್ಷವೂ ಆಗಿಲ್ಲ.

ಸತ್ತವರನ್ನು ಗೌರವಿಸುವುದರಲ್ಲಿ ಮಾತ್ರ ಈ ನೆಲ ಬಹಳ ಹಳೆಯದು. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಬಂಡೆಯ ಚಪ್ಪಡಿಗಳನ್ನು ಎಬ್ಬಿಸಿ ನಿಲ್ಲಿಸಿ, ಸತ್ತವರಿಗೆ ಕಲ್ಲಿನ ಮನೆಗಳನ್ನು ಕಟ್ಟಿದ್ದಾರೆ. ಅಲ್ಲಿ ಅಂಥ ನೂರಾರು ನೆಲೆಗಳಿವೆ. ಹಳೆಯ ಕೊಪಣ, ಅಂದರೆ ಈಗಿನ ಕೊಪ್ಪಳ, ಜೈನರಿಗೆ ಮಹಾತೀರ್ಥವಾಗಿತ್ತು. ಅನ್ನ ನೀರು ಬಿಡುವ ಸಲ್ಲೇಖನ ವ್ರತ ಹಿಡಿದು ದೇಹ ಬಿಡಲು ಇಲ್ಲಿಗೆ ಬರುತ್ತಿದ್ದರು. ಆಚಾರ್ಯ ಜಟಾಸಿಂಹನಂದಿಯ ಪಾದಗಳನ್ನು ಕೊರೆದ ಬಂಡೆ ಊರ ಪಕ್ಕದ ಗುಡ್ಡದಲ್ಲಿ ಇಂದಿಗೂ ಇದೆ. ವ್ರತಿಯ ಬಳಿ ಕೊನೆಯ ಉಸಿರಿನತನಕ ಕುಳಿತು ಧೈರ್ಯ ಹೇಳುವ ಗುರು ಇರಬೇಕೆಂಬುದು ಆ ಪದ್ಧತಿಯ ಕಟ್ಟಳೆ. ಸಾಯುವವರನ್ನು ಒಂಟಿಯಾಗಿ ಬಿಡಬಾರದೆಂಬ ಅರಿವು ಇಲ್ಲಿ ಹೊಸದಲ್ಲ.

ಸಾಯುವವರ ಆರೈಕೆಯ ಆಧುನಿಕ ಚರಿತ್ರೆ ಶುರುವಾಗುವುದು ಲಂಡನ್ನಿನಲ್ಲಿ. ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜಸೇವಕಿ. ಕ್ಯಾನ್ಸರ್ ರೋಗಿಗಳ ನೋವನ್ನು ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳದ್ದನ್ನು ಕಂಡು, ತಡವಾದ ವಯಸ್ಸಿನಲ್ಲಿ ತಾವೇ ವೈದ್ಯಕೀಯ ಓದಿದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಅಂದರೆ ಸಾಯುವವರನ್ನು ಆರೈಕೆ ಮಾಡುವ ಮನೆ, ತೆರೆದರು. ನೋವು ದೇಹದ್ದಷ್ಟೇ ಅಲ್ಲ. ಮನಸ್ಸಿನದು, ಮನೆ ಹಣಕಾಸಿನದು, ದೇವರ ಮೇಲಿನ ಮುನಿಸಿನದು ಎಲ್ಲ ಸೇರಿ ಒಂದೇ ನೋವು ಎಂದು ಅವರು ಹೇಳಿದರು. ಇನ್ನೊಂದು ಮಾತು ಬಹಳ ಸರಳವಾದದ್ದು: ನೋವು ಬಂದು ಕೂಗಿಕೊಂಡ ಮೇಲೆ ಅಫೀಮಿನಿಂದ ಮಾಡುವ ನೋವಿನ ಮದ್ದು ಮಾರ್ಫಿನ್ ಕೊಡುವುದಲ್ಲ, ನೋವು ಬರುವ ಮುಂಚೆಯೇ ಹೊತ್ತು ಹೊತ್ತಿಗೆ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಹೊರಡಿಸಿದ ಮೂರು ಮೆಟ್ಟಿಲಿನ ನೋವು ಚಿಕಿತ್ಸೆಯ ಕ್ರಮ ಇದನ್ನೇ ಜಗತ್ತಿಗೆಲ್ಲ ಹೇಳಿತು.

ದುಃಖದ ಅಧ್ಯಯನ ಬೇರೆ ದಾರಿಯಲ್ಲಿ ಬೆಳೆಯಿತು. ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ದುಃಖದ ಕೆಲಸವೆಂದು ಫ್ರಾಯ್ಡ್ 1917ರಲ್ಲಿ ಬರೆದ. ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಹೇಳಿದ, ಸಾವನ್ನು ಎದುರಿಸುವ ಐದು ಹಂತಗಳು ಬಹಳ ಪ್ರಸಿದ್ಧವಾದವು. ಅವರು ಕೂತು ಮಾತಾಡಿಸಿದ್ದು ಸಾಯುತ್ತಿದ್ದವರನ್ನು; ಜನ ಅದನ್ನು ಉಳಿದವರ ದುಃಖಕ್ಕೂ ಮೆಟ್ಟಿಲಾಗಿಸಿಕೊಂಡರು. ಅಷ್ಟು ಕ್ರಮವಾಗಿ ಯಾರೂ ಅಳುವುದಿಲ್ಲ. ಸತ್ತವರೊಡನೆ ನಂಟು ಕಡಿಯಬೇಕಿಲ್ಲ, ಅದು ಬೇರೆ ರೂಪದಲ್ಲಿ ಮುಂದುವರಿಯುವುದೇ ಆರೋಗ್ಯ ಎಂದು 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು, ಮೊಮ್ಮಗನಿಗೆ ಅಜ್ಜನ ಹೆಸರಿಟ್ಟು ಕರೆಯುವ ನಮ್ಮ ಮನೆಗಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೊಹರಂ ಬಂದರೆ ಈ ಭಾಗದ ಹಳ್ಳಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ರಿವಾಯತ್ ಪದ ಹಾಡುತ್ತಾರೆ. ಕರ್ಬಲಾದ ಸಾವಿಗೆ ಕನ್ನಡದಲ್ಲಿ ಅಳುವ ಆ ಹಾಡಿನೊಳಗೆ ತಂತಮ್ಮ ಮನೆಯ ಸಾವನ್ನೂ ಎಷ್ಟೋ ಜನ ಅತ್ತುಕೊಳ್ಳುತ್ತಾರೆ.

ಹಾಗೆಂದು ನಮ್ಮ ರೂಢಿಯೆಲ್ಲ ಸರಿ ಎನ್ನಲಾರೆ. ಗಂಡ ಸತ್ತವಳ ಬಳೆ ಒಡೆದು ಕುಂಕುಮ ಅಳಿಸುವುದು ದುಃಖದಲ್ಲಿರುವವಳಿಗೆ ಕೊಡುವ ಶಿಕ್ಷೆ. ದಿನಕರ್ಮ ಮುಗಿದ ಮೇಲೆ ಅವಳನ್ನು ಕೇಳುವವರಿಲ್ಲ, ಬಾಗಿಲಿಗೆ ಬರುವುದು ಸಾಲ ಕೊಟ್ಟವರು. ತಿಂಗಳುಗಟ್ಟಲೆ ಕರಗದೆ ಬದುಕನ್ನೇ ನಿಲ್ಲಿಸುವ ದುಃಖವನ್ನು ವೈದ್ಯಕೀಯವೂ ಈಗ ಗುರುತಿಸುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಕೋವಿಡ್ ಕಾಲದಲ್ಲಿ ಹೆತ್ತವರ ಮುಖವನ್ನೂ ನೋಡಲಾಗದೆ, ಮಣ್ಣನ್ನೂ ಕೊಡಲಾಗದೆ ಉಳಿದವರಲ್ಲಿ ಇಂಥವರು ಎಷ್ಟೋ ಮಂದಿ ಇದ್ದಾರು.

ಭಾರತಕ್ಕೆ ಹಾಸ್ಪೈಸ್ ಬಂದದ್ದು 1986ರಲ್ಲಿ, ಮುಂಬೈಯ ಶಾಂತಿ ಅವೇದನಾ ಸದನದೊಂದಿಗೆ. ಅದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ಮಾದಕ ವಸ್ತು ನಿಯಂತ್ರಣ ಕಾಯ್ದೆ ಬಂದಿತ್ತು. ಮಾರ್ಫಿನ್ ಇಡಲು ಹಲವು ಲೈಸೆನ್ಸು, ತಪ್ಪಿದರೆ ಜೈಲು ಎಂದಾಗ ಔಷಧದಂಗಡಿಗಳೂ ಆಸ್ಪತ್ರೆಗಳೂ ಅದನ್ನು ಇಡುವುದನ್ನೇ ಬಿಟ್ಟವು. ಮಾರ್ಫಿನ್ ಬಳಕೆ ಶೇ 97ರಷ್ಟು ಕುಸಿದು 1997ರಲ್ಲಿ ಇಡೀ ದೇಶಕ್ಕೆ ಬರೇ 18 ಕಿಲೋಗೆ ಇಳಿಯಿತು. ಔಷಧಕ್ಕೆಂದು ಸರಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುವ ದೇಶ ನಮ್ಮದು. ಆದರೂ ನಮ್ಮ ರೋಗಿಗಳೇ ನೋವಿನಲ್ಲಿ ಸತ್ತರು. ಇದಕ್ಕಿಂತ ದೊಡ್ಡ ಅನ್ಯಾಯ ನಮ್ಮ ಆರೋಗ್ಯದ ಚರಿತ್ರೆಯಲ್ಲಿ ಕೆಲವೇ ಇದ್ದಾವು. ಕಾಯ್ದೆ ಸಡಿಲವಾಗಲು 2014ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಭೆ ಈ ಬಗೆಯ ನೋವು ಇಳಿಸುವ ಆರೈಕೆಯನ್ನು, ಅಂದರೆ ಉಪಶಮನ ಆರೈಕೆಯನ್ನು, ಎಲ್ಲ ದೇಶಗಳೂ ಆರೋಗ್ಯ ವ್ಯವಸ್ಥೆಯ ಭಾಗ ಮಾಡಿಕೊಳ್ಳಬೇಕೆಂದು ನಿರ್ಣಯಿಸಿತು. ಆದರೂ ಜಗತ್ತಿನಾದ್ಯಂತ ಅಗತ್ಯವಿರುವವರಲ್ಲಿ ಇದು ಸಿಗುತ್ತಿರುವುದು ಸುಮಾರು ಶೇ 14ರಷ್ಟು ಜನಕ್ಕೆ ಮಾತ್ರ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ದಾರಿ ತೋರಿದ್ದು ಕೇರಳ. ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು 1993ರಲ್ಲಿ ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಸಣ್ಣ ಕ್ಲಿನಿಕ್ ತೆರೆದರು. ಆಸ್ಪತ್ರೆಯಲ್ಲಿ ಕೂತು ಕಾದರೆ ಹಾಸಿಗೆ ಹಿಡಿದವರು ಬರಲಾರರು ಎಂಬುದು ಬೇಗನೆ ಗೊತ್ತಾಯಿತು. ಮಲಪ್ಪುರಂ ಕಡೆ ಊರವರೇ ಈ ಕೆಲಸವನ್ನು ಕೈಗೆತ್ತಿಕೊಂಡರು. ಸ್ವಯಂಸೇವಕರಿಗೆ 16 ಗಂಟೆಗಳ ಪಾಠ, ಜೊತೆಗೆ ಅನುಭವಸ್ಥರೊಂದಿಗೆ ಮನೆಮನೆ ಭೇಟಿ. ಖರ್ಚಿಗೆ ಅಂಗಡಿಗಳಲ್ಲಿಟ್ಟ ಡಬ್ಬಿಗೆ ಬೀಳುವ ಚಿಲ್ಲರೆ. ಕೇರಳ ಸರಕಾರ 2008ರಲ್ಲಿ ನೀತಿ ಮಾಡಿ ಈ ಕೆಲಸವನ್ನು ಪಂಚಾಯ್ತಿಗಳ ಹೊಣೆಯಾಗಿಸಿತು.

ಅಂಥ ಮನೆ ಭೇಟಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ನರ್ಸ್ ಮೊದಲು ಹುಣ್ಣನ್ನು ಉಪ್ಪುನೀರಿನಲ್ಲಿ ತೊಳೆಯುತ್ತಾರೆ. ಅದರ ಮೇಲೆ ಮೆಟ್ರೊನಿಡಜೋಲ್ ಮಾತ್ರೆಯ ಪುಡಿ ಉದುರಿಸುತ್ತಾರೆ. ಕೆಲವೇ ರೂಪಾಯಿಯ ಮಾತ್ರೆ. ಕೆಲ ದಿನಗಳಲ್ಲಿ ವಾಸನೆ ತಗ್ಗಿ ಮೊಮ್ಮಕ್ಕಳು ಮತ್ತೆ ಅಜ್ಜನ ಮಂಚದ ಬಳಿ ಕೂರಬಹುದು. ಮಾರ್ಫಿನ್ ಮಾತ್ರೆ ನಾಲ್ಕು ತಾಸಿಗೊಮ್ಮೆ, ಅದರಿಂದ ಮಲಬದ್ಧತೆ ಆಗುವುದರಿಂದ ಅದಕ್ಕೂ ಜೊತೆಯಲ್ಲೇ ಔಷಧ. ಬೆನ್ನಿಗೆ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದನ್ನು ಸೊಸೆಗೆ ಮಾಡಿ ತೋರಿಸುತ್ತಾರೆ. ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು, ‘ನೀನು ಊಟ ಮಾಡ್ತಿದ್ದೀಯೇನಮ್ಮ?’ ಎಂದು ಕೇಳುತ್ತಾರೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ದೊಡ್ಡ ಹೆಸರು ಕರುಣಾಶ್ರಯ. ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1994ರಲ್ಲಿ ಹುಟ್ಟಿ, ಮೊದಲು ಮನೆಗಳಿಗೆ ಹೋಗಿ, 1999ರಲ್ಲಿ ಕಟ್ಟಡ ತೆರೆಯಿತು. ವಾಸಿಯಾಗದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಎಲ್ಲವೂ ಉಚಿತ. ಕಾನೂನಿನ ಕಡೆಯಿಂದಲೂ ಬದಲಾವಣೆ ಬಂತು. ವಾಸಿಯಾಗುವ ಆಸೆಯೇ ಇಲ್ಲದಾಗ ಬರೇ ಯಂತ್ರದ ಮೇಲೆ ಉಸಿರು ಎಳೆಸಬೇಡಿ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯ ಸಾವಿನ ಹಕ್ಕಿಗಾಗಿ ವರ್ಷಾನುಗಟ್ಟಲೆ ಹೋರಾಡಿದವರು. 2025ರ ಜನವರಿ 30ರಂದು ರಾಜ್ಯ ಸರಕಾರ ಸುಪ್ರೀಂ ಕೋರ್ಟಿನ ಈ ತೀರ್ಪನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಇದು ವಿಷ ಕೊಟ್ಟು ಸಾಯಿಸುವುದಲ್ಲ. ವೈದ್ಯರ ಎರಡು ಮಂಡಳಿಗಳು ಒಪ್ಪಿದ ಮೇಲೆ ಪ್ರಯೋಜನವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸುವುದು.

ಆದರೆ ನೋವು ಇಳಿಸುವ ಮದ್ದೇ ಮನೆಗೆ ಮುಟ್ಟದಿದ್ದರೆ ಹಳ್ಳಿಯವನಿಗೆ ಈ ಹಕ್ಕಿನಿಂದ ಆಗುವುದು ಅಷ್ಟರಲ್ಲೇ ಇದೆ. ಗಿಣಿಗೇರಾದವರಿಗೆ ಬೇಕಾದದ್ದು ಬೆಂಗಳೂರಿನ ಹಾಸಿಗೆಯಲ್ಲ, ಮನೆಗೆ ಬರುವ ನರ್ಸ್ ಮತ್ತು ಜಿಲ್ಲಾ ಆಸ್ಪತ್ರೆಯಲ್ಲಿ ತಪ್ಪದೆ ಸಿಗುವ ಮಾರ್ಫಿನ್. ಹಳ್ಳಿಯ ಆರೋಗ್ಯ ಮಂದಿರಗಳು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ಉಪಶಮನ ಆರೈಕೆಯೂ ಒಂದು ಎಂದು ಸರಕಾರವೇ ಬರೆದಿದೆ. ಇನ್ನು ಜನಬಲದ ಮಾತು. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತವೆ. 2021ರಲ್ಲಿ ಅದೇ ಮಠ ಕೋವಿಡ್ ರೋಗಿಗಳಿಗೆ ಆಸ್ಪತ್ರೆಯನ್ನೇ ತೆರೆಯಿತು. ಮಲಪ್ಪುರಂ ಚಿಲ್ಲರೆ ಕಾಸಿನಲ್ಲಿ ಮಾಡಿದ್ದನ್ನು ರೊಟ್ಟಿ ತಟ್ಟುವ ಈ ಜಿಲ್ಲೆ ಖಂಡಿತ ಮಾಡಬಲ್ಲದು.

ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಆಶಾ ಕಾರ್ಯಕರ್ತೆಯನ್ನೂ ಸಮುದಾಯ ಆರೋಗ್ಯಾಧಿಕಾರಿಯನ್ನೂ ಮನೆಗೆ ಕರೆಯಿರಿ, ನೋವಿಗೆ ಏನು ಕೊಡುತ್ತೀರಿ ಎಂದು ಬಾಯಿಬಿಟ್ಟು ಕೇಳಿರಿ. ಕಳೆದುಕೊಂಡ ದುಃಖ ಹೊರಲಾರದಷ್ಟಾದರೆ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಓಣಿಯಲ್ಲಿ ಯಾರಾದರೂ ನರಳುತ್ತಿದ್ದರೆ, ಮಣ್ಣಿನ ದಿನ ಕಟ್ಟಿಕೊಂಡು ಹೋಗುವ ಬುತ್ತಿಯನ್ನು ಈ ವಾರವೇ ಒಯ್ಯಿರಿ.