ಜಕ್ಕೂರಿನ ಪ್ರಯೋಗಾಲಯ ಮತ್ತು ನಮ್ಮ ನೆಲದ ವೈರಸ್

1984ರಲ್ಲಿ ಅಮೆರಿಕೆಯ ಆರೋಗ್ಯ ಸಚಿವೆ ಮಾರ್ಗರೆಟ್ ಹೆಕ್ಲರ್, ಏಡ್ಸ್ ಲಸಿಕೆಯು ಸುಮಾರು ಎರಡು ವರ್ಷಗಳಲ್ಲಿ ಪರೀಕ್ಷೆಗೆ ಸಿದ್ಧವಾಗಬಹುದೆಂಬ ಆಶೆಯನ್ನು ಪ್ರಕಟಿಸಿದರು. ಆ ಎರಡು ವರ್ಷ ಕಳೆದಾಗ, ಅಂದರೆ 1986ರಲ್ಲಿ, ಬಂದದ್ದು ಲಸಿಕೆಯಲ್ಲ; ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಭಾರತದಲ್ಲಿಯೂ ಎಚ್.ಐ.ವಿ. ಇರುವುದನ್ನು ಪತ್ತೆಹಚ್ಚಿದರು. ಮುಂದೆ ನಮ್ಮ ಉತ್ತರ ಕರ್ನಾಟಕ, ವಿಶೇಷವಾಗಿ ಬಾಗಲಕೋಟೆ, ಬೆಳಗಾವಿಯ ಸೀಮೆ, ಬಹಳ ನೊಂದಿತು. ಶಾಲಾ ದಾಖಲೆಗಳ ಪಾಲಕರ ಅಂಕಣದಲ್ಲಿ ಅಜ್ಜಿ, ಸೋದರಮಾವಂದಿರ ಹೆಸರುಗಳು ಹೆಚ್ಚತೊಡಗಿದುದನ್ನು ನನ್ನ ವಾರಿಗೆಯ ಶಿಕ್ಷಕರು ಬಲ್ಲರು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಈ ವೈರಸ್ಸಿನಲ್ಲಿ ಅನೇಕ ಉಪಪ್ರಕಾರಗಳಿವೆ. ಪಾಶ್ಚಾತ್ಯರು ಹೆಚ್ಚಾಗಿ ಅಭ್ಯಸಿಸಿದ್ದು ತಮ್ಮಲ್ಲಿ ಹರಡಿದ್ದ ‘ಬಿ’ಯನ್ನು, ನಮ್ಮಲ್ಲಿ ಹಾಗೂ ದಕ್ಷಿಣ ಆಫ್ರಿಕದಲ್ಲಿ ಪ್ರಬಲವಾಗಿರುವುದು ‘ಸಿ’. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಉದಯಕುಮಾರ್ ರಂಗ ಅವರು ಆರಿಸಿಕೊಂಡದ್ದು ಈ ‘ಸಿ’ಯನ್ನೇ.

ನಿಮ್ಹಾನ್ಸ್‌ನ ವೈದ್ಯರೂ ಭಾಗಿಯಾದ ಅವರ 2004ರ ಪ್ರಬಂಧ ‘ಟ್ಯಾಟ್’ ಎಂಬ ಪ್ರೋಟೀನನ್ನು ಕುರಿತದ್ದು. ಪ್ರೋಟೀನೆಂಬುದು ಅಮಿನೋ ಆಮ್ಲಗಳ ಸರಮಾಲೆಯೆಂಬುದು ಓದುಗರಿಗೆ ಗೊತ್ತೇ ಇದೆ. ‘ಬಿ’ಯ ಮಾಲೆಯಲ್ಲಿ 31ನೆಯ ಮಣಿ ಸಿಸ್ಟೀನ್, ಭಾರತದ ‘ಸಿ’ಯಲ್ಲಿ ಅದು ಸೆರಿನ್. ಈ ಒಂದು ಮಣಿ ಬದಲಾದುದರಿಂದ, ಮೊನೊಸೈಟ್ ಎಂಬ ಬಿಳಿ ರಕ್ತಕಣಗಳನ್ನು ತನ್ನೆಡೆಗೆ ಸೆಳೆಯುವ ಟ್ಯಾಟ್‌ನ ಶಕ್ತಿ ಕುಂದುತ್ತದೆ. ಪಶ್ಚಿಮದ ರೋಗಿಗಳಲ್ಲಿ ಸಾಮಾನ್ಯವಾಗಿದ್ದ ಬುದ್ಧಿಮಾಂದ್ಯ ನಮ್ಮಲ್ಲಿ ವಿರಳವಾಗಿರಲು ಇದೂ ಒಂದು ಕಾರಣವಿರಬಹುದು. ಒಂದು ಅಕ್ಷರ ತಪ್ಪಿದರೆ ಅರ್ಥವೇ ಕೆಡುತ್ತದೆಂದು ನಾವು ವ್ಯಾಕರಣ ಕಲಿಸುವಾಗ ಹೇಳುತ್ತಿದ್ದೆವು. ಇಲ್ಲಿ ಕೆಟ್ಟದ್ದು ವೈರಸ್ಸಿನ ಅರ್ಥ!

ಅವರ ತಂಡದ 2012ರ ಶೋಧ ಅಷ್ಟು ಹಿತಕರವಲ್ಲ. ನಮ್ಮ ರಕ್ಷಣಾ ಕೋಶಗಳನ್ನು ಯುದ್ಧಕ್ಕೆ ಎಬ್ಬಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ವೈರಸ್ಸನ್ನೂ ಎಬ್ಬಿಸುತ್ತದೆ. ಅದು ಬಂದು ಕೂರುವ ತಾಣಗಳು ‘ಬಿ’ಯಲ್ಲಿ ಸಾಮಾನ್ಯವಾಗಿ ಎರಡು, ‘ಸಿ’ಯಲ್ಲಿ ಮೂರು. ನಾಲ್ಕು ತಾಣಗಳುಳ್ಳ ತಳಿಗಳು ಭಾರತದಲ್ಲಿ ತಲೆಯೆತ್ತುತ್ತಿರುವುದನ್ನೂ, ಅವು ಹೆಚ್ಚು ಚುರುಕಾಗಿರುವುದನ್ನೂ ಅವರು ತೋರಿಸಿಕೊಟ್ಟರು. ಶತ್ರು ನಿಂತಲ್ಲಿ ನಿಂತಿಲ್ಲ.

ಟ್ಯಾಟ್ ಪ್ರೋಟೀನನ್ನೇ ಮಾರ್ಪಡಿಸಿ, ಲಸಿಕೆಯ ಸಾಮಗ್ರಿಯಾದೀತೇ ಎಂದು ಇಲಿಗಳಲ್ಲಿಯೂ ಪರೀಕ್ಷಿಸಿದರು. ಅದು ಮನುಷ್ಯರ ಲಸಿಕೆಯಾಗಿ ಬಂದಿಲ್ಲ. ಪುಣೆಯಲ್ಲಿ 2005ರಲ್ಲಿ ಆರಂಭವಾದ ದೇಶದ ಮೊದಲ ಎಚ್.ಐ.ವಿ. ಲಸಿಕಾ ಪರೀಕ್ಷೆಯೂ ಫಲ ನೀಡಲಿಲ್ಲ. ಥಾಯ್ಲೆಂಡಿನ ಪರೀಕ್ಷೆ 2009ರಲ್ಲಿ ಶೇ. 31ರಷ್ಟು ರಕ್ಷಣೆ ತೋರಿತ್ತು. ಅದೇ ಮಾದರಿಯನ್ನು ‘ಸಿ’ಗೆ ಹೊಂದಿಸಿ ದಕ್ಷಿಣ ಆಫ್ರಿಕದಲ್ಲಿ ನಡೆಸಿದ ದೊಡ್ಡ ಪರೀಕ್ಷೆಯನ್ನು 2020ರಲ್ಲಿ ನಿಲ್ಲಿಸಬೇಕಾಯಿತು. 2023ರಲ್ಲಿ ಮತ್ತೊಂದು ನಿಂತಿತು.

ಸದ್ಯಕ್ಕೆ ಜೀವ ಉಳಿಸುತ್ತಿರುವುದು ಮಾತ್ರೆಗಳು. 2004ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಅವನ್ನು ಉಚಿತವಾಗಿ ಕೊಡಲಾರಂಭಿಸಿತು. ದಿನವೂ ನುಂಗಬೇಕು, ಬದುಕಿರುವವರೆಗೆ.