ಬಸವನಹುಳು: ತೊಟ್ಟಿಗೆ ಮಿತ್ರನೋ, ಶತ್ರುವೋ?

ಮನೆಯ ದೇವರ ಕೋಣೆಯಲ್ಲಿ ಶಂಖವಿದ್ದರೆ ಅದನ್ನೊಮ್ಮೆ ಕೈಗೆತ್ತಿಕೊಂಡು ನೋಡಿ. ಅದರ ಬಾಯಿಯ ಒಂದು ತುದಿ ಮುಂದಕ್ಕೆ ಚಾಚಿಕೊಂಡು ಕಾಲುವೆಯಂತಾಗಿದೆ. ಅಭಿಷೇಕದ ನೀರು ಹರಿಯುವುದು ಅಲ್ಲಿಂದಲೇ. ಇನ್ನು ಗದ್ದೆಯಲ್ಲೋ ಕೆರೆಯಂಚಿನಲ್ಲೋ ಸಿಗುವ ಬಸವನಹುಳುವಿನ ಚಿಪ್ಪನ್ನು ಗಮನಿಸಿ. ಅದರ ಬಾಯಿ ದುಂಡಗಿದೆ, ಅಂಚು ಎಲ್ಲಿಯೂ ಕಚ್ಚುಬಿದ್ದಿಲ್ಲ. ಎರಡೂ ಮೃದ್ವಂಗಿಗಳೇ, ಎರಡೂ ಒಂದೇ ವರ್ಗಕ್ಕೆ ಸೇರಿದವು. ಹಾಗಾದರೆ ಈ ವ್ಯತ್ಯಾಸವೇಕೆ?

ಈ ಪ್ರಶ್ನೆಗೆ ಇನ್ನೂರು ವರ್ಷಗಳ ಚರಿತ್ರೆಯಿದೆ. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಹವಳ ಸಾಕುವವರಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಕಲ್ಲಿನ ಸಂದಿಯಿಂದ ಒಂದು ರಾತ್ರಿ ಹೊರಬರುವ ಅಪರಿಚಿತ ಬಸವನಹುಳು ಪಾಚಿಯನ್ನು ತಿನ್ನುತ್ತದೆಯೋ ಹವಳವನ್ನೇ ತಿನ್ನುತ್ತದೆಯೋ ಎಂಬುದನ್ನು ಅವರು ಬೇಗನೆ ತಿಳಿಯಬೇಕು.

ಲಮಾರ್ಕ್ ಕೊಟ್ಟ ಸೂತ್ರ

ಜೀವವಿಕಾಸದ ಚರ್ಚೆಯಲ್ಲಿ ನೀವು ಹೆಸರು ಕೇಳಿರುವ ಫ್ರಾನ್ಸಿನ ಲಮಾರ್ಕ್ ಚಿಪ್ಪುಜೀವಿಗಳ ಬಗೆಗೂ ದೊಡ್ಡ ವಿದ್ವಾಂಸ. ಅಕಶೇರುಕಗಳನ್ನು ಕುರಿತ ತನ್ನ ಬೃಹತ್ ಗ್ರಂಥದ 1822ರ ಸಂಪುಟಗಳಲ್ಲಿ ಆತ ಸುರುಳಿ ಚಿಪ್ಪಿನ ಬಸವನಹುಳುಗಳನ್ನು ಎರಡು ಗುಂಪು ಮಾಡಿದ. ಚಿಪ್ಪಿನ ಬಾಯಿ ಅಖಂಡವಾಗಿದ್ದರೆ ಸಸ್ಯಾಹಾರಿ, ಕಾಲುವೆಯೋ ಕಚ್ಚೋ ಇದ್ದರೆ ಪ್ರಾಣಿಭಕ್ಷಕ.

ಇದರ ಹಿಂದೆ ಕಾರಣವೂ ಇದೆ. ಕಾಲುವೆಯಿರುವ ಜೀವಿಯ ದೇಹದಿಂದ ಮಾಂಸದ ಒಂದು ಕೊಳವೆ ಹೊರಚಾಚುತ್ತದೆ. ಅದು ನೀರನ್ನು ಒಳಗೆಳೆದು ಕಿವಿರಿನ ಬಳಿಯಿರುವ ವಾಸನೆಯ ಅಂಗದ ಮೇಲೆ ಹರಿಸುತ್ತದೆ. ಕೊಳವೆಯನ್ನು ಅತ್ತಿತ್ತ ತಿರುಗಿಸಿ ವಾಸನೆ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯಬಹುದು. ಓಡಾಡುವ ಬೇಟೆಯನ್ನು ಹುಡುಕುವವನಿಗೆ ಇದು ಬೇಕು, ನಿಂತಲ್ಲೇ ಇರುವ ಪಾಚಿಯನ್ನು ಮೇಯುವವನಿಗೆ ಅಷ್ಟಾಗಿ ಬೇಡ. ದೇವರ ಕೋಣೆಯ ಶಂಖದ ಮೂಲ ಒಡೆಯ ಕಡಲತಳದ ಹುಳುಗಳನ್ನು ಹಿಡಿದು ತಿನ್ನುವ ಬೇಟೆಗಾರ!

ಸೂತ್ರ ಎಷ್ಟು ಸರಳವಾಗಿತ್ತೆಂದರೆ, ಮರುವರ್ಷವೇ (1823) ಲೂಯಿಸ್ ಡಿಲ್ವಿನ್ ಎಂಬಾತ ಇದನ್ನು ಪಳೆಯುಳಿಕೆಗಳಿಗೂ ಅನ್ವಯಿಸಿದ. ಹಳೆಯ ಶಿಲಾಸ್ತರಗಳಲ್ಲಿರುವುದು ಸಸ್ಯಾಹಾರಿ ಬಗೆಯ ಚಿಪ್ಪುಗಳು, ಪ್ರಾಣಿಭಕ್ಷಕಗಳು ಹೆಚ್ಚಿದ್ದು ಆಮೇಲೆ ಎಂದು ವಾದಿಸಿದ.

ತೊಟ್ಟಿಯನ್ನು ಉಳಿಸಿದ ಬಸವನಹುಳು

ಇನ್ನು ಲಂಡನ್ನಿಗೆ ಬನ್ನಿ. ಮುಚ್ಚಿದ ಜಾಡಿಯಲ್ಲಿ ಕೆಟ್ಟ ಗಾಳಿಯನ್ನು ಪುದೀನ ಗಿಡ ಸರಿಪಡಿಸುತ್ತದೆ ಎಂದು ಪ್ರೀಸ್ಟ್‌ಲಿ 1771ರಲ್ಲಿ ಕಂಡಿದ್ದ. ಅದಕ್ಕೆ ಬೆಳಕು ಬೇಕು ಎಂದು ಇಂಗೆನ್‌ಹೌಸ್ 1779ರಲ್ಲಿ ತೋರಿಸಿದ. ಇದೇ ತತ್ತ್ವ ನೀರಿನಲ್ಲೂ ನಡೆಯಬೇಕಲ್ಲವೇ? ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಪರೀಕ್ಷೆಗೆ ಇಳಿದ. ಸುಮಾರು 54 ಲೀಟರ್ ಹಿಡಿಸುವ ತೊಟ್ಟಿಯಲ್ಲಿ ಎರಡು ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇಟ್ಟ. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡ ಬಳಸಬೇಕು, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ಉಸಿರಾಡಬೇಕು. ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ತೊಟ್ಟಿ ಕೆಡತೊಡಗಿತು. ಗಿಡದ ಹಳೆಯ ಎಲೆಗಳು ಕೊಳೆತವು, ಗಾಜಿನ ಮೇಲೆ ಹಸಿರು ಲೋಳೆ ಕಟ್ಟಿತು, ನೀರು ಬಗ್ಗಡವಾಯಿತು. ಆಗ ವಾರಿಂಗ್ಟನ್ ಕೊಳದ ಕೆಲವು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ತಿಂದು ನೀರನ್ನು ತಿಳಿಗೊಳಿಸಿದವು. ಅವು ಇಟ್ಟ ಮೊಟ್ಟೆಗಳು ಮೀನಿಗೆ ಆಹಾರವಾದವು. ಎರಡು ಕಾಲಿನ ಮೇಲೆ ನಿಲ್ಲದ ವ್ಯವಸ್ಥೆ ಮೂರನೆಯ ಕಾಲು ಸಿಕ್ಕಾಗ ನಿಂತಿತು. ಈ ವರದಿ 1850ರಲ್ಲಿ ಲಂಡನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಕಡಲ ನೀರಿನ ಪ್ರಯತ್ನ ಇದಕ್ಕೂ ಮೊದಲೇ ನಡೆದಿತ್ತು. ಆನಾ ತಿನ್ ಎಂಬ ಮಹಿಳೆ 1846ರಲ್ಲಿ ಟಾರ್ಕಿ ಕಡಲತೀರದಿಂದ ಕಲ್ಲುಹವಳಗಳನ್ನು ಲಂಡನ್ನಿನ ಮನೆಗೆ ಒಯ್ದು ಸಾಕಿದಳು. ನೀರಿಗೆ ಗಾಳಿ ಬೆರೆಸಲು ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯಬೇಕಾಗಿತ್ತು. ಮನೆಯ ಹವಳತೊಟ್ಟಿಯ ಚರಿತ್ರೆಯನ್ನು ಇಲ್ಲಿಂದ ಆರಂಭಿಸಬಹುದು. ಲಂಡನ್ ಮೃಗಾಲಯ 1853ರಲ್ಲಿ ಸಾರ್ವಜನಿಕರಿಗೆ ಮತ್ಸ್ಯಾಗಾರ ತೆರೆಯಿತು. ಫಿಲಿಪ್ ಗಾಸ್ 1854ರಲ್ಲಿ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಪದ ಮನೆಮಾತಾಯಿತು. ಕಡಲ ತೊಟ್ಟಿಯಲ್ಲಿ ಗಾಜಿನ ಪಾಚಿಯನ್ನು ಹೆರೆಯುವ ಕೆಲಸ ತೀರದ ಬಂಡೆಗಳಲ್ಲಿ ಸಿಗುವ ಸಣ್ಣ ಬಸವನಹುಳುಗಳ ಪಾಲಾಯಿತು.

ಚಿಪ್ಪಿನಿಂದ ಹಲ್ಲಿಗೆ

ಗಾಜು ಬಂದದ್ದರಿಂದ ಇನ್ನೊಂದು ಲಾಭವಾಯಿತು. ಬಸವನಹುಳು ಹೇಗೆ ತಿನ್ನುತ್ತದೆ ಎಂದು ಕೆಳಗಿನಿಂದ ನೋಡುವುದು ಸಾಧ್ಯವಾಯಿತು. ಅದರ ಬಾಯಿಯಲ್ಲಿ ಸಾಲುಸಾಲಾಗಿ ಹಲ್ಲುಗಳಿರುವ ಪಟ್ಟಿಯೊಂದಿದೆ. ಅದಕ್ಕೆ ರಾಡ್ಯುಲಾ ಎಂದು ಹೆಸರು. ಬಡಗಿಯ ಅರದಂತೆ ಅದು ಮೇಲ್ಮೈಯನ್ನು ಉಜ್ಜುತ್ತದೆ. ಮುಂದಿನ ಸಾಲು ಸವೆದಂತೆ ಹಿಂದಿನಿಂದ ಹೊಸ ಸಾಲು ಬರುತ್ತದೆ. ಸ್ವೀಡನ್ನಿನ ಸ್ವೆನ್ ಲೊವೆನ್ 1847ರಲ್ಲಿ ಈ ಹಲ್ಲುಗಳ ಆಧಾರದಿಂದ ಮೃದ್ವಂಗಿಗಳನ್ನು ವರ್ಗೀಕರಿಸಲು ಹೊರಟ. ಜರ್ಮನಿಯ ಟ್ರೋಶೆಲ್ 1856ರಿಂದ ಇದೇ ವಿಷಯದ ದೊಡ್ಡ ಗ್ರಂಥವನ್ನು ಕಂತುಗಳಲ್ಲಿ ಹೊರತಂದ.

ಹಲ್ಲು ಹೇಳುವ ಕಥೆ ಚಿಪ್ಪಿನದಕ್ಕಿಂತ ಸ್ಪಷ್ಟ. ಪಾಚಿ ಮೇಯುವ ಟ್ರೋಕಸ್, ಟರ್ಬೊಗಳಿಗೆ ಪ್ರತಿ ಸಾಲಿನಲ್ಲೂ ಪೊರಕೆಯ ಕಡ್ಡಿಗಳಂತೆ ಅನೇಕಾನೇಕ ಸಣ್ಣ ಹಲ್ಲುಗಳು. ಚಿಪ್ಪು ಕೊರೆದು ತಿನ್ನುವ ಮ್ಯೂರೆಕ್ಸ್ ಬಳಗಕ್ಕೆ ಸಾಲಿಗೆ ಮೂರೇ ಹಲ್ಲು, ಆದರೆ ಗಟ್ಟಿ. ಶಂಕುವಿನ ಆಕಾರದ ಕೋನಸ್‌ಗೆ ಟೊಳ್ಳಾದ ಒಂಟಿ ಈಟಿ, ಅದರೊಳಗೆ ವಿಷ. ಬಂಡೆ ಹೆರೆಯುವ ಲಿಂಪೆಟ್‌ನ ಹಲ್ಲಿನಲ್ಲಿ ಕಬ್ಬಿಣದ ಖನಿಜ ಗೋಥೈಟ್‌ನ ಎಳೆಗಳಿವೆ. 2015ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಅದರ ಎಳೆತ ಬಲ 3ರಿಂದ 6.5 ಗಿಗಾಪ್ಯಾಸ್ಕಲ್. ಜೇಡನ ನೂಲನ್ನೂ ಮೀರಿಸುವ ಬಲವಿದು.

ಸೂತ್ರಕ್ಕೆ ಅಪವಾದಗಳು

ಹಾಗಾದರೆ ಲಮಾರ್ಕ್‌ನ ಸೂತ್ರವನ್ನು ಹಿಡಿದು ತೊಟ್ಟಿಯನ್ನು ಸೋಸಿಬಿಡಬಹುದೇ? ಸ್ವಲ್ಪ ತಾಳಿ. ಚೌಕಾಬಾರದ ಕವಡೆಯನ್ನು ನೋಡಿ. ಅದರ ಬಾಯಿಗೆ ಎರಡೂ ತುದಿಯಲ್ಲಿ ಕಚ್ಚಿದೆ, ಆದರೂ ಅದು ಪಾಚಿ ತಿನ್ನುತ್ತದೆ. ಚಂದ್ರ ಬಸವನಹುಳು ಎನ್ನಬಹುದಾದ ನಾಟಿಕಾದ ಬಾಯಿ ಅಖಂಡ, ಆದರೂ ಅದು ಕಪ್ಪೆಚಿಪ್ಪನ್ನು ದುಂಡಗೆ ಕೊರೆದು ಒಳಗಿನ ಜೀವಿಯನ್ನು ತಿಂದುಹಾಕುತ್ತದೆ. ನಸ್ಸಾರಿಯಸ್‌ಗೆ ಉದ್ದನೆಯ ಕೊಳವೆಯಿದೆ, ಆದರೆ ಅದು ಮುಖ್ಯವಾಗಿ ಸತ್ತದ್ದನ್ನು ಹುಡುಕಿ ತಿನ್ನುತ್ತದೆ. ಮರಳಿನಲ್ಲಿ ಹುದುಗಿದ್ದು, ಉಳಿದ ಆಹಾರ ಕೊಳೆಯುವ ಮೊದಲೇ ಮೇಲೆದ್ದು ಬರುವ ಇದು ತೊಟ್ಟಿಗೆ ಒಳ್ಳೆಯ ಸಹಾಯಕ. ಗೋಪುರದಂತಿರುವ ಸೆರಿತ್ ಕೂಡ ಪಾಚಿ, ಕಸ ತಿನ್ನುವಂಥದೇ.

ಅತಿ ಮೋಸದ ಅಪವಾದವೆಂದರೆ ಅಕ್ಕಿಕಾಳಿನಂತಿರುವ ಪಿರಮಿಡೆಲ್ಲಿಡ್. ಉದ್ದ ಕೆಲವೇ ಮಿಲಿಮೀಟರ್, ಬಾಯಿಯಲ್ಲಿ ಕಾಲುವೆಯಿಲ್ಲ, ರಾಡ್ಯುಲಾವೂ ಇಲ್ಲ! ಅದರ ಬದಲು ಸೂಜಿಯಿದೆ. ರಾತ್ರಿ ಹೊತ್ತು ಟ್ರೈಡಾಕ್ನ ಎಂಬ ದೊಡ್ಡ ಕಪ್ಪೆಚಿಪ್ಪಿನ ಅಂಚಿಗೆ ಚುಚ್ಚಿ ರಸ ಹೀರುತ್ತದೆ, ಹಗಲಲ್ಲಿ ಅದರ ಬುಡದಲ್ಲಿ ಅಡಗುತ್ತದೆ. ಅಂದವಾದ ಸುರುಳಿಯ ಹೀಲಿಯಾಕಸ್ ಗುಂಡಿಹವಳಗಳನ್ನು ತಿನ್ನುತ್ತದೆ. ಡ್ರುಪೆಲ್ಲಾ ಹವಳದ ಜೀವಂತ ಪದರವನ್ನು ಹೆರೆದು ಬಿಳಿಯ ಅಸ್ಥಿ ಮಾತ್ರ ಉಳಿಸುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ನಿಂಗಲೂ ದಿಬ್ಬದಲ್ಲಿ 1980ರ ದಶಕದಲ್ಲಿ ಅದರ ಸಂಖ್ಯೆ ಮಿತಿಮೀರಿ ಹವಳಕ್ಕೆ ಭಾರಿ ಹಾನಿಯಾಯಿತು.

ಆದ್ದರಿಂದ ಚಿಪ್ಪು ಒಂದು ಸುಳಿವು ಮಾತ್ರ, ತೀರ್ಪಲ್ಲ. ಜೀವಿ ಎಲ್ಲಿ ಕುಳಿತಿದೆ, ಯಾವ ಹೊತ್ತಿಗೆ ಹೊರಬರುತ್ತದೆ, ಹೋದ ದಾರಿಯಲ್ಲಿ ಏನು ಉಳಿದಿದೆ ಎಂಬುದನ್ನು ಸೇರಿಸಿ ನೋಡಬೇಕು. ಸಂಶಯವಿದ್ದರೆ ಬೇರೆ ಜಾಡಿಗೆ ವರ್ಗಾಯಿಸಿ, ಪಾಚಿ ಕಟ್ಟಿದ ಕಲ್ಲು ಕೊಟ್ಟು ಕೆಲವು ದಿನ ಗಮನಿಸಬೇಕು.

ಹಾನಿ ಯಾರಿಗೆ?

ಒಂದು ಜೀವಿಯ ವಿಷಯದಲ್ಲಿ ಮಾತ್ರ ಪ್ರಯೋಗ ಬೇಡ. ಅದು ಕೋನಸ್. ಆಸ್ಟ್ರೇಲಿಯಾದ ಹೇಮನ್ ದ್ವೀಪದಲ್ಲಿ 1935ರಲ್ಲಿ ಅದನ್ನು ಕೈಯಲ್ಲಿ ಹಿಡಿದಿದ್ದ ಯುವಕನೊಬ್ಬ ಕುಟುಕಿನಿಂದ ಸತ್ತ. ಭಾರತದ ಕಡಲಿನಲ್ಲೂ ಕೋನಸ್ ಪ್ರಭೇದಗಳಿವೆ. ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕರು ಇದನ್ನು ಮಕ್ಕಳಿಗೆ ಹೇಳಲೇಬೇಕು: ಶಂಕುವಿನಾಕಾರದ ಜೀವಂತ ಚಿಪ್ಪನ್ನು ಮುಟ್ಟಬಾರದು.

ಅದೇ ವಿಷವನ್ನು ಫಿಲಿಪೀನ್ಸ್ ಮೂಲದ ಬಾಲ್ಡೊಮೆರೊ ಒಲಿವೆರಾ ಮತ್ತು ಅವರ ವಿದ್ಯಾರ್ಥಿಗಳು ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಬಿಡಿಸಿ ನೋಡಿದರು. ಕೋನಸ್ ಮೇಗಸ್‌ನ ಒಂದು ಪೆಪ್ಟೈಡ್, ನೋವಿನ ಸಂದೇಶ ಸಾಗಿಸುವ ನರಗಳ ಕ್ಯಾಲ್ಸಿಯಂ ದ್ವಾರಗಳನ್ನು ಮುಚ್ಚುತ್ತದೆ. ಜಿಕೊನೊಟೈಡ್ ಎಂಬ ಹೆಸರಿನಲ್ಲಿ 2004ರ ಡಿಸೆಂಬರಿನಲ್ಲಿ ಅಮೆರಿಕ ಅದಕ್ಕೆ ಔಷಧವಾಗಿ ಒಪ್ಪಿಗೆ ನೀಡಿತು. ಬೇರೆ ಮದ್ದಿಗೆ ಬಗ್ಗದ ತೀವ್ರ ನೋವಿಗೆ ಅದನ್ನು ಬೆನ್ನುಹುರಿಯ ದ್ರವಕ್ಕೆ ಕೊಡುತ್ತಾರೆ.

ಈಗ ಹೇಳಿ, ಕೋನಸ್ ಉಪಕಾರಿಯೋ ಅಪಕಾರಿಯೋ? ದೊಡ್ಡ ಟ್ರೈಟನ್ ಬಸವನಹುಳು ತೊಟ್ಟಿಯ ನಕ್ಷತ್ರಮೀನನ್ನು ಕೊಲ್ಲುತ್ತದೆ. ಆದರೆ ಕಡಲಿನಲ್ಲಿ ಹವಳ ನುಂಗುವ ಮುಳ್ಳುಕಿರೀಟ ನಕ್ಷತ್ರಮೀನಿಗೆ ಅದೇ ಶತ್ರು. ಉಪಕಾರ, ಅಪಕಾರ ಎಂಬ ಮಾತುಗಳು ಜೀವಿಯ ಗುಣವನ್ನಲ್ಲ, ಅದಿರುವ ಜಾಗವನ್ನೂ ನಮ್ಮ ಅಪೇಕ್ಷೆಯನ್ನೂ ಹೇಳುತ್ತವೆ. ನಮ್ಮ ಅಪೇಕ್ಷೆಗೂ ಮಿತಿಯಿದೆ. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ತೊಟ್ಟಿಗಾಗಿ ಅವನ್ನು ನಮ್ಮ ಕಡಲಿನಿಂದ ಕೀಳುವುದು ಅಪರಾಧ.

ಈ ಚರಿತ್ರೆಯನ್ನು ತರಗತಿಯಲ್ಲಿ ನೋಡಲು ಹವಳವೂ ಬೇಡ, ಕಡಲೂ ಬೇಡ. ಗಾಜಿನ ಜಾಡಿಯನ್ನು ಕಿಟಕಿಯ ಬಳಿಯಿಟ್ಟು ಒಳಗೆ ಪಾಚಿ ಕಟ್ಟಲು ಬಿಡಿ. ಕೆರೆಯ ಒಂದು ಸಣ್ಣ ಬಸವನಹುಳುವನ್ನು ಬಿಟ್ಟು, ಅದು ಗಾಜನ್ನೇರಿದಾಗ ಹೊರಗಿನಿಂದ ಭೂತಗನ್ನಡಿ ಹಿಡಿಯಿರಿ. ಬಾಯಿ ತೆರೆದು ಮುಚ್ಚುವುದೂ, ಅದು ಸಾಗಿದ ಕಡೆಯೆಲ್ಲ ಪಾಚಿ ಹೋಗಿ ಗಾಜು ತಿಳಿಯಾಗುವುದೂ ಕಾಣುತ್ತದೆ. ನೋಡಿ ಮುಗಿದ ಮೇಲೆ ಅದನ್ನು ತಂದ ಕೆರೆಗೇ ಬಿಡಿ, ಬೇರೆ ಕೆರೆಗೆ ಬೇಡ. ಅಲ್ಲಿ ಅದು ಮಿತ್ರನಾಗುತ್ತದೆಯೋ ಶತ್ರುವಾಗುತ್ತದೆಯೋ ಮೊದಲೇ ಹೇಳುವುದು ಸುಲಭವಲ್ಲ.