ಮೂಡಣ ಬಾಗಿಲಿನ ದಾರಿಯಲ್ಲಿ ಒಡೆಯುವ ಸಾಮಾನು

ಮುಳಬಾಗಿಲೆಂಬ ಹೆಸರು ಮೂಡಣ ಬಾಗಿಲೆಂಬುದರಿಂದ ಬಂದಿತೆಂದು ಹೇಳುವುದುಂಟು. ಆ ಬಾಗಿಲಿಗೆ ಹೊಸ್ತಿಲಿನಂತಿರುವುದು ನಂಗಲಿ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ರಾಜ್ಯಕ್ಕೆ ಪೂರ್ವದ ಎಲ್ಲೆಯೆಂದು ಶಾಸನಗಳು ಹೇಳುವುದು ನಂಗಲಿಯ ಘಟ್ಟವನ್ನೇ. 1791ರ ಫೆಬ್ರವರಿಯಲ್ಲಿ ಟೀಪೂ ಸುಲ್ತಾನನ ಮೇಲೆ ದಂಡೆತ್ತಿ ಬಂದ ಲಾರ್ಡ್ ಕಾರ್ನ್‌ವಾಲಿಸನು ಮೊಗಲಿ ಘಾಟಿಯನ್ನು ಹತ್ತಿ, ಪಲಮನೇರು ಕೋಲಾರಗಳ ಮಾರ್ಗವಾಗಿ ಬೆಂಗಳೂರನ್ನು ಸೇರಿದುದು ಈ ಸೀಮೆಯಲ್ಲಿಯೇ. ಚರಿತ್ರಕಾರರು ಆತನ ಆನೆಗಳನ್ನೂ ಫಿರಂಗಿಗಳನ್ನೂ ಎಣಿಸಿದ್ದಾರೆ. ಆದರೆ ಮಳೆ ತಪ್ಪಿ ಊರು ಬಿಟ್ಟವರೂ, ಮಗಳನ್ನು ಗಂಡನ ಮನೆಗೆ ಕಳುಹಿಸಿಕೊಟ್ಟವರೂ ಇಂತಹ ದಾರಿಗಳಲ್ಲಿ ಮಡಕೆ ಕುಡಿಕೆಗಳನ್ನು ಕಟ್ಟಿಕೊಂಡು ನಡೆದವರೇ. ಆ ಸಾಮಾನು ಒಡೆಯದೆ ಊರು ಸೇರುತ್ತಿದ್ದ ಬಗೆಯನ್ನು ನಾವು ಇಲ್ಲಿ ವಿಚಾರಮಾಡೋಣ.

ಗಾಡಿಯ ರಸ್ತೆಗಳು ಹಬ್ಬುವುದಕ್ಕೆ ಮೊದಲು ಘಟ್ಟವನ್ನು ಹತ್ತುವ ಸರಕಿನ ಭಾರವೆಲ್ಲ ಹೆಚ್ಚಾಗಿ ಹೇರೆತ್ತಿನ ಬೆನ್ನಿನ ಮೇಲೆ ಬೀಳುತ್ತಿದ್ದಿತು. ಹೇರಿನ ಎರಡು ಪಕ್ಕವೂ ಸಮತೂಕವಾಗಿರಬೇಕು. ಒಂದು ಪಕ್ಕ ಜಗ್ಗಿದರೆ ಇಳಿಜಾರಿನಲ್ಲಿ ಎತ್ತೂ ಕೆಡುವುದು, ಸಾಮಾನೂ ಕೆಡುವುದು. ಗಾಡಿ ಬಂದಮೇಲೆ ಕಷ್ಟದ ರೂಪ ಬದಲಾಯಿತು. ಸ್ಪ್ರಿಂಗಿಲ್ಲದ ಗಾಡಿಯಲ್ಲಿ ಗಾಲಿಗೆ ತಗಲಿದ ಪ್ರತಿಯೊಂದು ಕಲ್ಲಿನ ಪೆಟ್ಟೂ ಅಚ್ಚಿನ ಮೂಲಕ ನೆಟ್ಟಗೆ ಸಾಮಾನಿಗೆ ಮುಟ್ಟುವುದು. ಅದಕ್ಕೆ ರಾಗಿಯ ನಾಡು ಕಂಡುಕೊಂಡ ಉಪಾಯ ಹುಲ್ಲು. ಎತ್ತಿನ ಮೇವೇ ಮಡಕೆಯ ಹಾಸಿಗೆ. ದುಂಡು ತಳದ ಗಡಿಗೆಗೆ ಸಿಂಬಿ. ದೊಡ್ಡದರೊಳಗೆ ಚಿಕ್ಕದನ್ನಿಟ್ಟು ನಡುವೆ ಹುಲ್ಲು. ಬಳೆಗಾರನ ಮಲಾರದಲ್ಲಿಯೂ ಇದೇ ನೀತಿ: ಬಳೆಗಳನ್ನು ಬಿಗಿಯಾಗಿ ಪೋಣಿಸಿ ಕಟ್ಟಿದರೆ ಗಾಜಿಗೆ ಗಾಜು ಬಡಿಯುವುದಕ್ಕೆ ಎಡೆಯಿಲ್ಲ.

ಈ ನೀತಿಯು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಚೀನಾದಿಂದ ಹಾಲೆಂಡಿಗೆ ಹೊರಟ ಗೆಲ್ಡರ್‌ಮಾಲ್ಸೆನ್ ಎಂಬ ಹಡಗು 1752ರಲ್ಲಿ ದಾರಿಯಲ್ಲಿ ಮುಳುಗಿತು. 1985ರಲ್ಲಿ ಅದರಿಂದ ಸುಮಾರು 1,50,000 ಪಿಂಗಾಣಿ ಪಾತ್ರೆಗಳನ್ನು ಮೇಲಕ್ಕೆತ್ತಿದರು. ಪಿಂಗಾಣಿಯ ಪೆಟ್ಟಿಗೆಗಳ ಸುತ್ತ ತುಂಬಿದ್ದ ಚಹದ ಸೊಪ್ಪು ನೀರಿನಲ್ಲಿ ಕೆಟ್ಟರೂ ತಾನು ಅಪ್ಪಿಕೊಂಡಿದ್ದುದನ್ನು ಕಾಪಾಡಿದ್ದಿತು. ಮೃದುವಾದುದು ಪೆಟ್ಟನ್ನು ತಾನು ತಗ್ಗಿ ತಾಳಿಕೊಳ್ಳುವುದು. ಗಟ್ಟಿಯಾದ ಪೆಟ್ಟಿಗೆಯಾದರೋ ಅದನ್ನು ಒಳಗಿನದಕ್ಕೆ ದಾಟಿಸಿಬಿಡುವುದು.

1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂದಿತು. ಅದು ಇಂದು ಬಂಗಾರಪೇಟೆಯೆನಿಸುವ ಊರಿನ ಮೇಲೆ ಹಾದುಹೋಯಿತೇ ಹೊರತು ನಂಗಲಿಯನ್ನು ಮುಟ್ಟಲಿಲ್ಲ. ರೈಲಿನಿಂದ ಆದ ದೊಡ್ಡ ವ್ಯತ್ಯಾಸವು ವೇಗವೊಂದೇ ಅಲ್ಲ. ಗಾಡಿಯ ಕಾಲದಲ್ಲಿ ಒಡೆಯನು ತನ್ನ ಸಾಮಾನಿನ ಪಕ್ಕದಲ್ಲಿಯೇ ನಡೆಯುತ್ತಿದ್ದನು. ಕಟ್ಟು ಸಡಿಲವಾದರೆ ನಿಲ್ಲಿಸಿ ಬಿಗಿಯುತ್ತಿದ್ದನು. ರೈಲಿನಲ್ಲಿ ಸಾಮಾನು ಅವನ ಕಣ್ಣಿನಿಂದ ಮರೆಯಾಗಿ, ಅದರ ಬೆಲೆಯರಿಯದ ಕೈಗಳಿಂದ ಇಳಿದು ಹತ್ತಬೇಕಾಯಿತು. ಆಗ ಒಡೆಯನ ಎಚ್ಚರಿಕೆಯೆಲ್ಲ ಮೊದಲೇ ಕಟ್ಟಿನೊಳಗೆ ಸೇರಿರುವುದು ಅವಶ್ಯವಾಯಿತು. ಇಂದು ರಾಷ್ಟ್ರೀಯ ಹೆದ್ದಾರಿಯಲ್ಲಿ ನಂಗಲಿಯನ್ನು ದಾಟುವ ಲಾರಿಗೂ ಈ ಮಾತು ಸಲ್ಲುವುದು. 1957ರಲ್ಲಿ ಅಮೆರಿಕದಲ್ಲಿ ಗೋಡೆಗೆ ಅಂಟಿಸುವುದಕ್ಕೆಂದು ಹುಟ್ಟಿದ ಗಾಳಿಗುಳ್ಳೆಯ ಹಾಳೆ ಈಗ ಹುಲ್ಲಿನ ಕೆಲಸವನ್ನು ಮಾಡುತ್ತಿದೆ; ನೀತಿ ಮಾತ್ರ ಹಳೆಯದೇ. ಭಾರವಾದುದು ಕೆಳಗೆ, ಹಗುರವಾದುದು ಮೇಲೆ. ತಟ್ಟೆಗಳನ್ನು ಒಂದರ ಮೇಲೊಂದು ಹೇರದೆ ಅಂಚಿನ ಮೇಲೆ ನಿಲ್ಲಿಸತಕ್ಕದ್ದು. ಬರಿಯ ಎಡೆಯೆಲ್ಲಿಯೂ ಉಳಿಯಕೂಡದು. ಮುಚ್ಚಿದ ಪೆಟ್ಟಿಗೆಯನ್ನು ಮೆಲ್ಲಗೆ ಅಲುಗಿಸಿದಾಗ ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟುವುದೇ ವಿವೇಕ.

ನಂಗಲಿಯ ಎಲ್ಲೆ ಕಲ್ಲಿನ ಶಾಸನದಲ್ಲಿ ಉಳಿಯಿತು. ಒಡೆದ ಮಡಕೆಯೂ ಚೂರಾಗಿ ಮಣ್ಣಿನಲ್ಲಿ ಉಳಿದು, ಅಗೆದವರಿಗೆ ಹಿಂದಿನವರ ಸಂಗತಿಯನ್ನು ಹೇಳುವುದು. ಒಡೆಯದಂತೆ ಸಾಗಿಸಿದ ಕೈಗಳ ಜಾಣ್ಮೆಗಾದರೋ ಕಲ್ಲೂ ಇಲ್ಲ, ಚೂರೂ ಇಲ್ಲ. ಅದು ಹಿರಿಯರಿಂದ ಕಿರಿಯರಿಗೆ ಹೇಳಿಕೊಟ್ಟಷ್ಟು ಕಾಲ ಮಾತ್ರ ಬಾಳುವುದು. ಮನೆ ಬದಲಾಯಿಸುವಾಗ ಮಕ್ಕಳನ್ನೂ ಕೂರಿಸಿಕೊಂಡು ಪೆಟ್ಟಿಗೆ ಕಟ್ಟುವುದು ಆ ಕಾರಣದಿಂದಲೂ ಒಳ್ಳೆಯದು.